ಬೆಲ್ಜಿಯಂ ಮೆಟಲ್: ಹೊಸಬರಿಗೆ ಯಾವುದರಿಂದ ಶುರು ಮಾಡಿಸೋದು?

ತೀರ್ಥಹಳ್ಳಿ ಹುಡುಗ: ಶಿವಮೊಗ್ಗದಲ್ಲಿ ಓದೋ ತಮ್ಮ ಮೆಟಲ್‌ನಲ್ಲಿ, ಅಂದ್ರೆ ಅಬ್ಬರದ ರಾಕ್ ಸಂಗೀತದಲ್ಲಿ, ಇಷ್ಟು ದಿನ ಕೇಳಿರೋದು ಐರನ್ ಮೇಡನ್, ಮೆಟಾಲಿಕಾ ಬ್ಯಾಂಡ್‌ಗಳನ್ನ ಅಷ್ಟೇ. ಬೆಲ್ಜಿಯಂನವರಲ್ಲಿ ಮೊದಲು ಯಾರನ್ನ ಕೇಳಿಸಲಿ? ಅಬಾರ್ಟೆಡ್ ಬ್ಯಾಂಡಿನ ಕರ್ಕಶ ಡೆತ್ ಮೆಟಲ್ ಹಾಕಿದ್ರೆ ಎದ್ದೇ ಹೋಗ್ತಾನೆ.

ಸಾಗರದವ: ಮೇಡನ್ ಕೇಳಿದ ಕಿವಿಗೆ ಘೆಂಟ್‌ನ ಆಸ್ಟ್ರೊಗಾಥ್ ಸರಿ. 1984ರ 'ಎಕ್ಸ್‌ಟಸಿ ಆಂಡ್ ಡೇಂಜರ್' ಆಲ್ಬಮ್ ಹಾಕು. ಹಿಡಿಸಿದ್ರೆ ಆಸಿಡ್ ಬ್ಯಾಂಡ್: ಸ್ಪೀಡ್ ಮೆಟಲ್, ಅಂದ್ರೆ ಬಲು ವೇಗದ್ದು, ಹಾಡೋದು ಹೆಣ್ಣುಮಗಳು.

ಕೊಪ್ಪ ಕಡೆಯವ: ಎಂಬತ್ತರ ದಶಕದಲ್ಲೇ ನಿಲ್ಲಿಸಬೇಡಿ ಮಾರಾಯ್ರೆ. ಕೋರ್ಟ್ರೈಕ್‌ನ ಅಮೆನ್ರಾ ಕೇಳಿಸಲೇಬೇಕು. 2017ರ 'ಎ ಸಾಲಿಟರಿ ರೇನ್' ಹಾಡಿನಲ್ಲಿ ಕಿರುಚಾಟದ ಜತೆ ತಿಳಿಯಾದ ಹಾಡಿಕೆಯೂ ಇದೆ, ಹೊಸಬರಿಗೆ ಅದೇ ಹಿಡಿಕೆ. ಫೋನ್ ಸ್ಪೀಕರಲ್ಲಿ ಮಾತ್ರ ಬೇಡ: ತಗ್ಗಿನ ಬೇಸ್ ಬರೋದೇ ಇಲ್ಲ, ಹಾಡಿನ ತೂಕವೇ ಹೋಗಿ ಬರೀ ಗದ್ದಲ ಉಳಿಯುತ್ತೆ. ಕಿವಿಯಲ್ಲಿ ಬಿಗಿಯಾಗಿ ಕೂರೋ ಇಯರ್‌ಫೋನ್ ಕೊಡಿ. ಹೆಂಚಿನ ಮೇಲೆ ಮಳೆ ಹೊಯ್ಯೋವಾಗಲೂ ಬೇಡ, ಮೆಲುದನಿಯ ಭಾಗ ಮುಚ್ಚಿಹೋಗುತ್ತೆ.

ತೀರ್ಥಹಳ್ಳಿ ಹುಡುಗ: ಆ ಎಂಬತ್ತರ ದಶಕದವರಿಗೂ ಅಮೆನ್ರಾಗೂ ನಡುವೆ ಏನಾದ್ರೂ?

ಸಾಗರದವ: ಬ್ರೂಟಸ್. ಲೂವೆನ್‌ನ ಮೂವರು, ಡ್ರಮ್ ಬಾರಿಸ್ತಾನೇ ಹಾಡೋದು ಸ್ಟೆಫನಿ ಮನ್ನಾರ್ಟ್ಸ್. 2019ರ 'ನೆಸ್ಟ್' ಆಲ್ಬಮ್ಮಿನ 'ವಾರ್' ಮೆಲ್ಲಗೆ ಶುರುವಾಗಿ ಒಮ್ಮೆಲೇ ಸಿಡಿಯುತ್ತೆ. ಅಪ್ಪಟ ಮೆಟಲ್ ಅಲ್ಲ, ಆದ್ರೂ ಅಮೆನ್ರಾಗೆ ಮೊದಲು ಇದನ್ನೇ ಹಾಕು.

ಕೊಪ್ಪ ಕಡೆಯವ: ಒಪ್ಪಿದೆ. ವೀಗೆಡೋಡ್ ಬ್ಯಾಂಡಿನ ಕರ್ಕಶ ಬ್ಲ್ಯಾಕ್ ಮೆಟಲ್ ಕೊನೆಗಿರಲಿ. ಡೌನ್‌ಲೋಡ್ ಮಾಡಿಟ್ಕೊಳ್ಳಿ, ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತೆ.