ಹೊಸ ಎಬಿಎಸ್ ಇಸಿಯು: ಪ್ರೋಗ್ರಾಮಿಂಗ್ ಅರ್ಧಕ್ಕೆ ನಿಲ್ಲುತ್ತಿದೆ (ಹತ್ತು ಚಕ್ರದ ಲಾರಿ)

ಪ್ರಶ್ನೆ – ಕಾರವಾರದಿಂದ

ನಮಸ್ಕಾರ. ಅರಬೈಲ್ ಘಟ್ಟದ ಮೇಲೆ ಹುಬ್ಬಳ್ಳಿಗೆ ಸರಕು ಸಾಗಿಸುವ ನಮ್ಮ ಲಾರಿಯ ಎಬಿಎಸ್ ಇಸಿಯು (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ) ನೀರು ಹೊಕ್ಕು ಪೂರ್ತಿ ಕೆಟ್ಟಿದ್ದರಿಂದ ಅದೇ ಪಾರ್ಟ್ ನಂಬರಿನ ಹೊಸದನ್ನು ಜೋಡಿಸಿದ್ದೇವೆ. ಸ್ಕ್ಯಾನರ್‌ಗೆ ಇಂಜಿನ್ ಇಸಿಯು ತಕ್ಷಣ ಸಿಗುತ್ತದೆ, ಆದರೆ ಎಬಿಎಸ್ ಒಮ್ಮೆ ಸಿಕ್ಕರೆ ಇನ್ನೊಮ್ಮೆ ಸಿಗುವುದಿಲ್ಲ, ಪ್ರೋಗ್ರಾಮಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಇಸಿಯುವನ್ನು ಹಿಂದಿರುಗಿಸಬೇಕೇ? ಅಲ್ಲಿಯವರೆಗೆ ಲಾರಿ ಓಡಿಸಬಹುದೇ?

ಉತ್ತರ – ಶಿರಸಿಯಿಂದ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಎಬಿಎಸ್ ಕೆಲಸ ಮಾಡದಿದ್ದರೂ ಏರ್ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗುವುದನ್ನು ತಡೆಯುವವರು ಯಾರೂ ಇರುವುದಿಲ್ಲ. ಈ ಮಳೆಗಾಲದಲ್ಲಿ ದಯವಿಟ್ಟು ಲೋಡ್ ಹಾಕಿಕೊಂಡು ಘಟ್ಟ ಇಳಿಯಬೇಡಿ.

ಇಸಿಯುವನ್ನು ಈಗಲೇ ಹಿಂದಿರುಗಿಸಬೇಡಿ. ಇಂಜಿನ್ ಸಿಕ್ಕು ಎಬಿಎಸ್ ಮಾತ್ರ ಬಿಟ್ಟು ಬಿಟ್ಟು ಸಿಗುತ್ತಿದ್ದರೆ, ಅದಕ್ಕೆ ಹೋಗುವ ಕರೆಂಟು, ಅರ್ಥ್ ಅಥವಾ ಕ್ಯಾನ್ ತಂತಿಯ (ಇಸಿಯುಗಳು ಒಂದಕ್ಕೊಂದು ಮಾಹಿತಿ ಕಳಿಸುವ ಜೋಡಿ ತಂತಿ) ಮೇಲೆ ನನಗೆ ಹೆಚ್ಚು ಅನುಮಾನ. ಬರಿಯ ಮಲ್ಟಿಮೀಟರ್ ಹಿಡಿದರೆ ತುಕ್ಕು ಹಿಡಿದ ತಂತಿಯೂ 24 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ತೀರಾ ಕಡಿಮೆ. ಆದ್ದರಿಂದ ಇಸಿಯು ಕನೆಕ್ಟರ್ ಬಿಚ್ಚಿ, ವೈರಿಂಗ್ ನಕ್ಷೆ ನೋಡಿ ಗುರುತಿಸಿದ ಪ್ಲಸ್ ಮತ್ತು ಅರ್ಥ್ ಪಿನ್ನುಗಳ ನಡುವೆ ಮಾತ್ರ 24 ವೋಲ್ಟಿನ ಹೆಡ್‌ಲೈಟ್ ಬಲ್ಬೊಂದನ್ನು ಹಚ್ಚಿ, ಅದು ಉರಿಯುತ್ತಿರುವಾಗಲೇ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿರುವುದಕ್ಕಿಂತ ಬಹಳ ಕಡಿಮೆ ಬಂದರೆ ದೋಷ ತಂತಿಯಲ್ಲಿದೆ. ಕರಾವಳಿಯ ಉಪ್ಪು ಗಾಳಿಗೆ ಚಾಸಿಯ ಅರ್ಥ್ ಬೋಲ್ಟ್ ಬಣ್ಣದ ಅಡಿಯಲ್ಲೇ ತಿಂದುಹೋಗಿರುವುದುಂಟು. ಬಳಿಕ ಬ್ಯಾಟರಿ ಬಿಚ್ಚಿ ಕ್ಯಾನ್‌ನ ಎರಡು ತಂತಿಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ತುಂಡಾಗಿದೆ ಅಥವಾ ಒಂದು ತುದಿಯ ರೆಸಿಸ್ಟರ್ ಇಲ್ಲ.

ಹಳೆಯ ಇಸಿಯು ಸತ್ತಿರುವುದರಿಂದ ಅದರ ಪ್ಯಾರಾಮೀಟರ್ (ಈ ಲಾರಿಗೆ ಹೊಂದಿಸಿದ ಸೆಟ್ಟಿಂಗ್) ಓದಲಾಗದು. ನೋಡಲು ಒಂದೇ ರೀತಿಯಿದೆಯೆಂದು ಬೇರೆ ಲಾರಿಯಿಂದ ನಕಲು ಮಾಡದೆ, ನಿಮ್ಮ ಚಾಸಿ ನಂಬರಿನ ಫೈಲನ್ನೇ ಅಧಿಕೃತ ಸರ್ವಿಸ್ ಕೇಂದ್ರದಿಂದ ಪಡೆಯಿರಿ. ಟೈರಿನ ಅಳತೆ, ಟೋನ್ ರಿಂಗಿನ (ಚಕ್ರದೊಂದಿಗೆ ತಿರುಗುವ, ಸೆನ್ಸರ್ ವೇಗ ಓದುವ ಹಲ್ಲಿನ ಉಂಗುರ) ಹಲ್ಲುಗಳ ಸಂಖ್ಯೆ, ಆಕ್ಸಲ್‌ಗಳ ವಿನ್ಯಾಸ ತಪ್ಪಿದರೆ ಚಕ್ರದ ವೇಗದ ಲೆಕ್ಕವೇ ತಪ್ಪುತ್ತದೆ. ಆ ಫೈಲನ್ನು ಇಸಿಯುಗೆ ಬರೆಯುವಾಗ ಇಂಜಿನ್ ಆಫ್, ಇಗ್ನಿಶನ್ ಆನ್ ಇರಲಿ. ಬ್ಯಾಟರಿಗೆ ಚಾರ್ಜರ್ ಆಸರೆ ಕೊಡಿ.

ಪ್ರಶ್ನಿಸಿದವರಿಂದ

ಬಲ್ಬ್ ಮಂದವಾಗಿ ಉರಿಯಿತು. ಅರ್ಥ್ ಬೋಲ್ಟಿನ ಅಡಿ ಪೂರ್ತಿ ತುಕ್ಕು. ಉಜ್ಜಿ, ಹೊಸ ಲಗ್ (ತಂತಿಯ ತುದಿಯ ಲೋಹದ ಬಳೆ) ಹಾಕಿದ ಮೇಲೆ ಪ್ರೋಗ್ರಾಮಿಂಗ್ ಮುಗಿಯಿತು. ಆದರೆ ಎಬಿಎಸ್ ಎಚ್ಚರಿಕೆ ದೀಪ ಆರುತ್ತಿಲ್ಲ, ಹಿಂದಿನ ಎಡ ಚಕ್ರದ ಸೆನ್ಸರಿನ ದೋಷದ ಕೋಡ್ ಇದೆ.

ಉತ್ತರ – ಶಿರಸಿಯಿಂದ

ಆ ಚಕ್ರವನ್ನು ಜ್ಯಾಕ್ ಮೇಲೆತ್ತಿ, ಎರಡು ಸೆಕೆಂಡಿಗೆ ಒಂದು ಸುತ್ತಿನಂತೆ ಕೈಯಲ್ಲಿ ತಿರುಗಿಸಿದಾಗ ಸೆನ್ಸರ್ ಕನಿಷ್ಠ 0.2 ವೋಲ್ಟ್ ಎಸಿ ಕೊಡಬೇಕು. ಕೊಡದಿದ್ದರೆ ಸೆನ್ಸರನ್ನು ಟೋನ್ ರಿಂಗಿಗೆ ತಾಗುವವರೆಗೆ ಕೈಯಿಂದ ಒತ್ತಿ; ಸುತ್ತಿಗೆ ಬೇಡ. ಅನಂತರ ಕೋಡ್ ಅಳಿಸಿ, ಖಾಲಿ ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ಓಡಿಸಿ. ಗಂಟೆಗೆ ಸುಮಾರು 7 ಕಿ.ಮೀ. ವೇಗ ದಾಟಿ ಎಲ್ಲ ಸೆನ್ಸರ್‌ಗಳೂ ಸರಿಯಾಗಿ ಕಂಡ ಮೇಲೆಯೇ ದೀಪ ಆರುತ್ತದೆ.