ನೀಲಗಿರಿ ಎಣ್ಣೆ: ಹಬೆಗೆ ಎಷ್ಟು ಹನಿ? ಮಗು ಇರುವ ಮನೆಯಲ್ಲಿ ಡಿಫ್ಯೂಸರ್‌ಗೆ ಹಾಕಬಹುದಾ?

ಪ್ರಶ್ನೆ (ಹೊಸಬಳು_ತುಮಕೂರು):
ಊಟಿಯಿಂದ ತಂದ 100 ಮಿ.ಲೀ. ನೀಲಗಿರಿ ಎಣ್ಣೆ ಇದೆ. ಲೇಬಲ್ ಮೇಲೆ ‘ಶುದ್ಧ ನೀಲಗಿರಿ ತೈಲ’ ಅಂತ ಬಿಟ್ಟರೆ ಬೇರೇನೂ ಇಲ್ಲ. ನೆಗಡಿ ಬಂದಾಗ ಹಬೆಗೆ, ಮಂಡಿನೋವಿಗೆ, ರಾತ್ರಿ ಮಲಗುವ ಕೋಣೆಯ ಡಿಫ್ಯೂಸರ್‌ಗೆ (ಎಣ್ಣೆಯ ವಾಸನೆ ಹರಡುವ ಯಂತ್ರ), ಹೀಗೆ ಮೂರಕ್ಕೂ ಇದನ್ನೇ ಬಳಸುವ ಯೋಚನೆ. ಮನೆಯಲ್ಲಿ ಎರಡೂವರೆ ವರ್ಷದ ಮಗು, ಫಿಟ್ಸ್‌ಗೆ ಮಾತ್ರೆ ತಗೊಳ್ಳುವ ಅತ್ತೆ, ಒಂದು ಬೆಕ್ಕು ಇದ್ದಾರೆ. ಸಕ್ಕರೆ ಮೇಲೆ ಎರಡು ಹನಿ ಹಾಕಿ ನುಂಗಿದರೆ ಕಫ ಕರಗುತ್ತೆ ಅಂತ ಒಂದು ವಿಡಿಯೊದಲ್ಲಿ ಹೇಳಿದರು. ಸರಿಯಾದ ಅಳತೆ ತಿಳಿದವರು ಹೇಳಿ.

ಉತ್ತರ 1 (ಔಷಧಶಾಲೆ):
ನುಂಗುವ ಮಾತು ಮೊದಲೇ ಬಿಡಿ. ಈ ಎಣ್ಣೆಯ ಬಹುಪಾಲು ಸಿನಿಯೋಲ್ ಅನ್ನೋ ರಾಸಾಯನಿಕ. ಗ್ಲೋಬ್ಯುಲಸ್ ಅನ್ನೋ ನೀಲಗಿರಿ ಜಾತಿಯ ಒಳ್ಳೆಯ ಎಣ್ಣೆಯಲ್ಲಿ ನೂರಕ್ಕೆ 70ರ ಮೇಲೇ ಇರುತ್ತದೆ. ಚಿಕ್ಕ ಮಕ್ಕಳ ಹೊಟ್ಟೆಗೆ 2–3 ಮಿ.ಲೀ. ಹೋದರೂ ಮಂಪರು ಕವಿಯಬಹುದು. ಒಂದು ಟೀ ಚಮಚ, ಅಂದರೆ 5 ಮಿ.ಲೀ. ಹೋದರೆ ಪ್ರಜ್ಞೆಯೇ ತಪ್ಪಬಹುದು. ನಿಮ್ಮ ಬಾಟಲಿಯಲ್ಲಿ ಅಂಥ ಇಪ್ಪತ್ತು ಚಮಚ ಇದೆ ಅನ್ನೋದು ನೆನಪಿರಲಿ. ಅದು ಸ್ನಾನದ ಮನೆಯ ಕಿಟಕಿ ಮೇಲೆ ಇರಬಾರದು, ಬೀಗ ಹಾಕುವ ಕಪಾಟಿನಲ್ಲಿರಬೇಕು.

ಅತ್ತೆಯವರ ವಿಷಯ ಇದಕ್ಕಿಂತ ಗಂಭೀರ. ಈ ಎಣ್ಣೆಯನ್ನು ಮೂಸಿದ್ದರಿಂದಲೇ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದ್ದಾರೆ. ಕರ್ಪೂರಕ್ಕೂ ಇದೇ ಗುಣವಿದೆ. ಅವರಿಗೆ ಇದರ ಹಬೆ, ಲೇಪ, ಡಿಫ್ಯೂಸರ್ ಯಾವುದೂ ಬೇಡ. ನೀಲಗಿರಿ ಅಥವಾ ಕರ್ಪೂರ ಇರುವ ನೋವಿನ ಮುಲಾಮು, ಎದೆಗೆ ಹಚ್ಚುವ ಬಾಮ್ ಕೂಡ ಅವರ ವೈದ್ಯರನ್ನು ಕೇಳದೆ ಹಚ್ಚಬೇಡಿ.

ಮಗುವಿನ ಮೂಗಿನ ಕೆಳಗೆ, ಮುಖಕ್ಕೆ, ದಿಂಬಿಗೆ ಒಂದು ಹನಿಯೂ ಬೇಡ. ತೀಕ್ಷ್ಣವಾದ ಆವಿ ನೇರವಾಗಿ ಬಡಿದರೆ ಎಳೆಯರ ಗಂಟಲು ಬಿಗಿದುಕೊಂಡು ಉಸಿರಿಗೆ ತೊಂದರೆಯಾಗಬಹುದು. ಕರವಸ್ತ್ರದಲ್ಲಿ ಕರ್ಪೂರ ಕಟ್ಟಿ ಕೂಸಿನ ಪಕ್ಕ ಇಡುವ ರೂಢಿಗೂ ಇದೇ ಮಾತು.

ಡಿಫ್ಯೂಸರ್ ನಿಮ್ಮ ಮನೆಗೆ ಹೊಂದುವುದೇ ಇಲ್ಲ. ಗಾಳಿಯಲ್ಲಿ ಹರಡಿದ ಎಣ್ಣೆಯ ಕಣ ಬೆಕ್ಕಿನ ರೋಮದ ಮೇಲೆ ಕೂರುತ್ತದೆ, ಬೆಕ್ಕು ಅದನ್ನು ನೆಕ್ಕುತ್ತದೆ. ಇಂಥ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರಾ ಕಡಿಮೆ. ಅಷ್ಟಕ್ಕೂ ನೀಲಗಿರಿ ನಿದ್ದೆ ಬರಿಸುವ ವಾಸನೆಯಲ್ಲ. ಮಲಗುವ ಕೋಣೆಗೆ ಅದನ್ನು ಯಾರು ಸೂಚಿಸಿದರೋ!

ಉತ್ತರ 2 (ಬಟ್ಟಿ_ಇಳಿಸುವವ):
ಮನೆಯ ಆರೋಗ್ಯವಂತ ದೊಡ್ಡವರಿಗೆ ಹಬೆ ಹೀಗೆ: ಅರ್ಧ ಲೀಟರ್ ನೀರು ಕುದಿಸಿ ಒಲೆಯಿಂದ ಇಳಿಸಿ. ಅಗಲ ತಳದ, ಭಾರದ ಪಾತ್ರೆಗೆ ಬಗ್ಗಿಸಿ ಮೇಜಿನ ನಡುವೆ ಇಡಿ. ಮಡಿಲಲ್ಲಿ, ಹಾಸಿಗೆ ಮೇಲೆ ಬೇಡ. ಹಬೆಯ ಅನಾಹುತಗಳಲ್ಲಿ ಎಣ್ಣೆಗಿಂತ ಹೆಚ್ಚಾಗಿ ಕಾಣುವುದು ಪಾತ್ರೆ ಮಗುಚಿ ತೊಡೆ ಸುಟ್ಟುಕೊಳ್ಳುವುದು. ಎರಡು ಮೂರು ನಿಮಿಷ ಆರಲು ಬಿಟ್ಟು, ಆಮೇಲೆ ಎರಡು ಹನಿ ಹಾಕಿ. ಕುದಿಯುವಾಗಲೇ ಹಾಕಿದರೆ ಎಣ್ಣೆಯೆಲ್ಲ ಒಮ್ಮೆಲೇ ಎದ್ದು ಮೊದಲ ಉಸಿರಿಗೇ ಕೆಮ್ಮು, ಕಣ್ಣುರಿ. ಐದನೇ ಉಸಿರಿಗೆ ಬರೀ ನೀರಿನ ಹಬೆ. ಕಣ್ಣು ಮುಚ್ಚಿ, ಒಂದು ಮೊಳ ದೂರದಿಂದ ಐದು ನಿಮಿಷ ಸಾಕು. ಉಬ್ಬಸ ಇರುವವರು ಎಣ್ಣೆ ಹಾಕದೆ ಬರೀ ನೀರಿನ ಹಬೆ ತಗೊಳ್ಳಲಿ.

ಕರೆಂಟಿನ ಸ್ಟೀಮರ್ ಒಳಗೆ ಎಣ್ಣೆ ಹಾಕಬೇಡಿ, ಪ್ಲಾಸ್ಟಿಕ್ ಬಿರಿಯುತ್ತದೆ. ಆಸ್ಪತ್ರೆಯವರು ಕೊಡುವ ನೆಬ್ಯುಲೈಜರ್‌ಗಂತೂ ಖಂಡಿತ ಬೇಡ.

ಮೂಗು ಬಿಟ್ಟಂತೆ ಅನಿಸುವುದು ಬಹುಮಟ್ಟಿಗೆ ತಂಪಿನ ಅನುಭವದಿಂದ. ಒಳಗಿನ ಊತ ಅಷ್ಟೇನೂ ಇಳಿದಿರುವುದಿಲ್ಲ. ಹಾಗಾಗಿ ಸಾಲಲಿಲ್ಲ ಅಂತ ಹತ್ತು ಹನಿಗೆ ಏರಿಸಿ ಉಪಯೋಗವಿಲ್ಲ.

ಹೊಸಬಳು_ತುಮಕೂರು:
ಡಿಫ್ಯೂಸರ್ ಕೈಬಿಟ್ಟೆ. ಮಂಡಿನೋವು ನಮ್ಮ ಯಜಮಾನರದ್ದು, ಅವರಿಗೆ ಬೇರೆ ಕಾಯಿಲೆ ಇಲ್ಲ. ಹಾಗೇ ಹಚ್ಚಬಹುದಾ? ಬಾಟಲಿ ಅಸಲಿಯೋ ನಕಲಿಯೋ ಹೇಗೆ ತಿಳಿಯೋದು?

ಉತ್ತರ 3 (ಬಟ್ಟಿ_ಇಳಿಸುವವ):
ಹಾಗೇ ಹಚ್ಚಿದರೆ ಚರ್ಮ ಉರಿಯುತ್ತದೆ. 50 ಮಿ.ಲೀ. ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ 1 ಮಿ.ಲೀ. ಬೆರೆಸಿ, ಅದು ನೂರಕ್ಕೆ 2. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಕಾರಣ ಎಳ್ಳೆಣ್ಣೆ ವಾಸಿ. ಅಳತೆಗೆ ಸೂಜಿ ತೆಗೆದ ಸಿರಿಂಜ್ ಬಳಸಿ. ಒಂದು ಮಿ.ಲೀ.ಗೆ ಒಂದು ಬಾಟಲಿಯಿಂದ 20 ಹನಿ ಬಿದ್ದರೆ ಇನ್ನೊಂದರಿಂದ 30 ಬೀಳುತ್ತದೆ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಹಚ್ಚಿದ ಮೇಲೆ ಬಿಸಿನೀರಿನ ಬ್ಯಾಗ್ ಇಡಬೇಡಿ, ಬಿಗಿಯಾಗಿ ಪಟ್ಟಿಯೂ ಕಟ್ಟಬೇಡಿ. ಎಣ್ಣೆ ಹೆಚ್ಚು ಒಳಗಿಳಿದು ಬೊಬ್ಬೆ ಏಳಬಹುದು. ಉರಿದರೆ ಅಡುಗೆ ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು. ಬರೀ ನೀರಿಗೆ ಅದು ಹೋಗುವುದಿಲ್ಲ.

ಅಸಲಿತನಕ್ಕೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಜಿಡ್ಡಿನ ಕಲೆ ಉಳಿದಿದ್ದರೆ ಅಡುಗೆ ಎಣ್ಣೆಯನ್ನೋ ಅಂಥ ಇನ್ನೊಂದನ್ನೋ ಬೆರೆಸಿದ್ದಾರೆ. ಕಲೆ ಇಲ್ಲದಿದ್ದರೆ ಶುದ್ಧ ಅಂತಲ್ಲ, ಟರ್ಪೆಂಟೈನ್ ಬೆರೆಸಿದ್ದರೂ ಹಾರಿಹೋಗುತ್ತದೆ. ಮುಂದಿನ ಸಲ ಸಸ್ಯದ ಪೂರ್ತಿ ಹೆಸರು, ಬ್ಯಾಚ್ ಸಂಖ್ಯೆ, ಸಿನಿಯೋಲ್ ಪ್ರಮಾಣ ಇರುವ ಲೇಬಲ್ ನೋಡಿ ಕೊಳ್ಳಿ. ನೀಲಗಿರಿ ಬೆಟ್ಟದಲ್ಲಿ ಬಟ್ಟಿ ಇಳಿಸುವುದು ಗ್ಲೋಬ್ಯುಲಸ್ ಎಲೆ. ನಿಂಬೆ ವಾಸನೆಯ ಸಿಟ್ರಿಯೊಡೋರಾ ಬೇರೆಯೇ ಜಾತಿ, ಅದರಲ್ಲಿ ಸಿಟ್ರೊನೆಲಾಲ್ ಅನ್ನೋ ಬೇರೆ ರಾಸಾಯನಿಕ ಹೆಚ್ಚು. ಕೋಲಾರದ ಕಡೆ ತೋಪುಗಳಲ್ಲಿರುವ ‘ಮೈಸೂರು ಗಮ್’ ಅನ್ನೋ ನೀಲಗಿರಿ ಮರದ ಎಲೆಯಲ್ಲಿ ಎಣ್ಣೆ ಕಡಿಮೆ.

ಕಂದು ಗಾಜಿನ ಬಾಟಲಿಯಲ್ಲಿ, ತಂಪಾದ ಕಡೆ, ದೀಪದಿಂದ ದೂರ ಇಡಿ. ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೇ ಇದರ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ರಬ್ಬರ್ ಡ್ರಾಪರ್ ಹಾಕಿಡಬೇಡಿ, ಮೆತ್ತಗಾಗಿ ಎಣ್ಣೆಗೆ ಬೆರೆಯುತ್ತದೆ.

ಉತ್ತರ 4 (ಔಷಧಶಾಲೆ):
ಒಂದು ಬಿಟ್ಟುಹೋಗಿತ್ತು. ಮಗು ಆಕಸ್ಮಿಕವಾಗಿ ಕುಡಿದರೆ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಹಾಲು, ಉಪ್ಪುನೀರು ಯಾವುದೂ ಬೇಡ. ಮಂಪರು, ಫಿಟ್ಸ್ ಅರ್ಧ ಗಂಟೆಯೊಳಗೇ ಶುರುವಾಗಬಹುದು, ಕೆಲವೊಮ್ಮೆ ಗಂಟೆಗಳು ತಡವಾಗಬಹುದು. ಆದ್ದರಿಂದ ಚೆನ್ನಾಗಿ ಆಡುತ್ತಿದೆಯಲ್ಲ ಅಂತ ಕಾಯದೆ 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಆಸ್ಪತ್ರೆಗೆ ಜೊತೆಗೇ ಒಯ್ಯಿರಿ. ಎಷ್ಟು ಖಾಲಿಯಾಗಿದೆ ಅನ್ನೋದನ್ನೇ ಅಲ್ಲಿ ಮೊದಲು ಕೇಳುತ್ತಾರೆ.