ಮೈಸೂರಿನಲ್ಲಿ 12,000 ರೂಪಾಯಿಯೊಳಗೆ ಬಾಡಿಗೆ ಮನೆ: ಬಲ್ಲವರು ಹೇಳಿದ್ದು

ಪ್ರಶ್ನೆ: ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿದೆ. ನಾವು ಮೂವರು. ಎರಡು ಬೆಡ್‌ರೂಮಿನ ಮನೆ ಬೇಕು, ಬಾಡಿಗೆ ಹನ್ನೆರಡು ಸಾವಿರ ದಾಟಬಾರದು. ಯಾವ ಕಡೆ ಹುಡುಕಲಿ, ಏನೇನು ನೋಡಿಕೊಳ್ಳಲಿ?

ಹಿನಕಲ್ ಕಡೆಯವರು:
ಹೆಬ್ಬಾಳ ಇರುವುದು ಊರಿನ ವಾಯವ್ಯಕ್ಕೆ. ಶ್ರೀರಾಂಪುರ, ಜೆ.ಪಿ. ನಗರದಲ್ಲಿ ಬಾಡಿಗೆ ಕಮ್ಮಿ ಸಿಕ್ಕರೂ ದಿನಾ ಊರು ಹಾಯ್ದು ಬರಬೇಕು, ಉಳಿದ ದುಡ್ಡು ಪೆಟ್ರೋಲಿಗೆ ಹೋಗುತ್ತದೆ. ಹಿನಕಲ್, ಮೇಟಗಳ್ಳಿ, ಕುಂಬಾರಕೊಪ್ಪಲು, ಹೂಟಗಳ್ಳಿ, ವಿಜಯನಗರದ ಒಳರಸ್ತೆಗಳನ್ನು ಮೊದಲು ನೋಡಿ. ಗೋಕುಲಂ ಹತ್ತಿರವೇ, ಆದರೆ ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಬಾಡಿಗೆ ಏರಿದೆ.

ಅಪಾರ್ಟ್‌ಮೆಂಟೇ ಬೇಕೆಂದು ಹಟ ಬೇಡ. 11,000 ಬಾಡಿಗೆಯ ಫ್ಲ್ಯಾಟಿಗೆ 2,000 ಮೇಂಟೆನೆನ್ಸ್ ಸೇರಿದರೆ ಲೆಕ್ಕ ಮೀರಿತು. ಮಾಲೀಕರು ಕೆಳಗಿದ್ದು ಮಹಡಿಯನ್ನು ಬಾಡಿಗೆಗೆ ಕೊಡುವ ಮನೆಗಳಲ್ಲಿ ಆ ಖರ್ಚು ಸಾಮಾನ್ಯವಾಗಿ ಇರುವುದಿಲ್ಲ. ಇಂಥವು ಆ್ಯಪ್‌ಗಳಲ್ಲಿ ಕಮ್ಮಿ. ಅಡ್ಡರಸ್ತೆಗಳಲ್ಲಿ ಸುತ್ತಿ, ಟು-ಲೆಟ್ ಬೋರ್ಡ್ ಕಂಡಲ್ಲೇ ಫೋನ್ ಮಾಡಿ. ಇಸ್ತ್ರಿಯವರನ್ನು, ದಿನಸಿ ಅಂಗಡಿಯವರನ್ನು ಕೇಳಿ. ಬ್ರೋಕರ್ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಕೇಳುತ್ತಾರೆ.

ಬೋಗಾದಿಯವರು:
ನನ್ನ ಪ್ರಕಾರ ಬಾಡಿಗೆ ಚೌಕಾಸಿ ಮಾಡುವ ಮುಂಚೆ ನೀರು ವಿಚಾರಿಸಬೇಕು. ಹೊರವಲಯದ ಖಾಸಗಿ ಬಡಾವಣೆಗಳಲ್ಲಿ ಎಷ್ಟೋ ಮನೆಗಳಿಗೆ ಬೋರ್‌ವೆಲ್ ನೀರೇ ಗತಿ. ಗಡಸು ನೀರಾದರೆ ಗೀಸರ್, ನಲ್ಲಿಗಳಿಗೆ ಸುಣ್ಣ ಕಟ್ಟುತ್ತದೆ. ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಂಡರೆ ಅದೇ. ಕಾವೇರಿ ಅಥವಾ ಕಬಿನಿ ನೀರು ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ಬರುತ್ತದೆ ಎಂದು ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ. ಸಂಪ್ ಎಷ್ಟು ಮನೆಗೆ ಹಂಚಿಕೆ, ಮೋಟಾರ್ ಹಾಕುವ ಕೈ ಯಾರದು, ಅದರ ಕರೆಂಟ್ ಯಾರ ಮೀಟರಿಗೆ, ಇದೂ ಮುಖ್ಯ. ಬೆಳಿಗ್ಗೆ ಏಳೆಂಟರ ಹೊತ್ತಿಗೆ ಹೋಗಿ ಎರಡು ನಲ್ಲಿ ಒಟ್ಟಿಗೆ ತಿರುಗಿಸಿ ನೋಡಿ. ಬಾತ್‌ರೂಮಿನ ಹಿಂದಿನ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದ್ದರೆ ಒಳಗೆ ಪೈಪ್ ಸೋರುತ್ತಿರಬಹುದು. ಹೊಸ ಬಣ್ಣ ಬಳಿದಿದ್ದರೆ ಕೈಯಿಟ್ಟು ತೇವ ನೋಡಿ.

ಕುವೆಂಪುನಗರದವರು:
ನೀರಿನಷ್ಟೇ ಮೀಟರೂ ಮುಖ್ಯ. ನಿಮ್ಮ ಮನೆಗೆ ಬೇರೆ ಆರ್‌ಆರ್ ನಂಬರ್ (ಕರೆಂಟ್ ಸಂಪರ್ಕದ ಸಂಖ್ಯೆ) ಇರಲೇಬೇಕು. ಒಂದೇ ಆರ್‌ಆರ್ ನಂಬರಿಗೆ ಸಬ್‌ಮೀಟರ್ ಹಾಕಿ ಹಂಚಿದ್ದರೆ ಎರಡು ಮನೆಯ ಬಳಕೆ ಸೇರಿ 200 ಯೂನಿಟ್ ದಾಟಬಹುದು, ಆಗ ಗೃಹಜ್ಯೋತಿ (ಸರ್ಕಾರದ ಉಚಿತ ಕರೆಂಟ್ ಯೋಜನೆ) ಕೈತಪ್ಪಿ ಪೂರ್ತಿ ಬಿಲ್ ಬರುತ್ತದೆ. ಹಳೆಯ ಮನೆಯಲ್ಲಿ ಗೃಹಜ್ಯೋತಿ ಇದ್ದರೆ ಡೀಲಿಂಕ್ ಮಾಡಿ ಹೊಸ ಆರ್‌ಆರ್ ನಂಬರಿಗೆ ನೋಂದಾಯಿಸಿ. ಸೇರುವ ದಿನ ಮೀಟರ್ ರೀಡಿಂಗಿನ ಫೋಟೊ ತೆಗೆಯಿರಿ, ಹಿಂದಿನವರ ಬಾಕಿ ನಿಮ್ಮ ತಲೆಗೆ ಬರಬಾರದು.

ಅಡ್ವಾನ್ಸ್ ಐದು ತಿಂಗಳಿಂದ ಹತ್ತು ತಿಂಗಳವರೆಗೂ ಕೇಳುತ್ತಾರೆ. ಬ್ಯಾಂಕ್ ಮೂಲಕವೇ ಕೊಡಿ. ಜಗಳವಾಗುವುದು ಬಿಡುವಾಗ: ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಇರುವ ಅವಧಿ ನೋಡದೆ ಹಿಡಿಯುವುದು ಅನ್ಯಾಯ. ಎರಡು ವರ್ಷ ದಾಟಿದರೆ ಹಿಡಿಯುವಂತಿಲ್ಲ ಎಂದು ಮೊದಲೇ ಕೇಳಿ ಬರೆಸಿ. ಕೀ ಕೊಟ್ಟ ಎಷ್ಟು ದಿನದಲ್ಲಿ ಅಡ್ವಾನ್ಸ್ ವಾಪಸು, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ, ಬಿಡಲು ಎಷ್ಟು ತಿಂಗಳ ನೋಟಿಸ್, ಎಲ್ಲವೂ ಕರಾರಿನಲ್ಲಿ ಇರಲಿ. 11 ತಿಂಗಳ ಕರಾರು ಮಾಡುವುದು ಏಕೆಂದರೆ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ.

ಲಕ್ಷಗಟ್ಟಲೆ ಒಟ್ಟಿಗೆ ಕೊಡಿ, ಭೋಗ್ಯಕ್ಕೆ ಕೊಡುತ್ತೇವೆ, ತಿಂಗಳ ಬಾಡಿಗೆಯೇ ಇಲ್ಲ ಎಂದರೆ ಆತುರಪಡಬೇಡಿ. ಮನೆಯ ಮೇಲೆ ಬ್ಯಾಂಕ್ ಸಾಲವಿದ್ದು ಕಂತು ನಿಂತರೆ ಬ್ಯಾಂಕ್ ಮನೆಯನ್ನು ವಶಕ್ಕೆ ಪಡೆಯುತ್ತದೆ, ನಿಮ್ಮ ಲಕ್ಷಗಳು ಮಾಲೀಕರ ಹತ್ತಿರ ಸಿಕ್ಕಿಬೀಳುತ್ತವೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ತಾಣದಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ. ಅದರಲ್ಲಿ ಬರುವುದು ನೋಂದಾಯಿತ ವ್ಯವಹಾರ ಮಾತ್ರ, ಆದ್ದರಿಂದ ಮೂಲ ಕ್ರಯಪತ್ರ ತೋರಿಸಲು ಹೇಳಿ. ಅದು ಬ್ಯಾಂಕಿನಲ್ಲಿದೆ ಎಂದರೆ ಬಿಟ್ಟುಬಿಡಿ.

ಮೇಟಗಳ್ಳಿಯವರು:
ಆಷಾಢದಲ್ಲಿ ಹುಡುಕಿ. ಆ ತಿಂಗಳು ಮನೆ ಬದಲಿಸುವವರು ಕಮ್ಮಿ, ಖಾಲಿ ಬಿದ್ದ ಮನೆಯ ಮಾಲೀಕರು ಬಾಡಿಗೆ, ಅಡ್ವಾನ್ಸ್ ಎರಡರಲ್ಲೂ ಇಳಿಯುತ್ತಾರೆ. ಶ್ರಾವಣದಲ್ಲೇ ಹಾಲು ಉಕ್ಕಿಸಬೇಕೆಂದಿದ್ದರೆ ಟೋಕನ್ ಕೊಟ್ಟು ಹಿಡಿದಿಡಿ, ನಡುವಿನ ದಿನಗಳಿಗೆ ಅರ್ಧ ಬಾಡಿಗೆ ಕೇಳಿ ನೋಡಿ. ಟೋಕನ್ ಮಾತ್ರ ಮನೆಯೊಳಗೆ ನಿಂತು, ಮಾಲೀಕರ ಕೈಗೇ. ಸೇನೆಯಲ್ಲಿದ್ದೇನೆ, ಊರಲ್ಲಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುವವರ ಫೋನ್ ಕಟ್ ಮಾಡಿ.